ಹೊಟ್ಟು ಹಾರುವ ದಿಕ್ಕು

ಚನ್ನಪಟ್ಟಣದ ಬೊಂಬೆ ಕೈಗೆ ಬಂದರೆ ಎಲ್ಲರೂ ಬಣ್ಣ ಹೊಗಳುತ್ತಾರೆ, ನುಣುಪು ಹೊಗಳುತ್ತಾರೆ. ಆ ನುಣುಪು ಬರುವಷ್ಟರಲ್ಲಿ ಮರದಿಂದ ಉದುರಿದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳುವವರು ಅಪರೂಪ. ಮಂಡ್ಯ ಕಡೆಯ ನಮ್ಮ ಕೆರಗೋಡಿನಲ್ಲಿ ಬೇಲಿಯಾಚೆಯ ದೊಡ್ಡವ್ವ ಕೇಳಿದರು. ಅವರ ಕೈಯಲ್ಲಿ ಸಂಡಿಗೆ ಒಣಹಾಕಿದ್ದ ಮೊರ ಇತ್ತು.

“ಏನ್ಲಾ ಮಗಾ, ಸಂಡಿಗೆಗೆ ಜೀರಿಗೆ ಹಾಕ್ದೋಳು ನಾನು. ಈ ಅರಿಶಿನ ಹಾಕ್ದೋರು ಯಾರು?”

ಕೊಟ್ಟಿಗೆಯಲ್ಲಿ ಲೇತಿನ ಮೇಲಿದ್ದದ್ದು ಹಲಸಿನ ತುಂಡು. ಹಲಸಿನ ಹುಡಿ ಹಳದಿ. ಬೇರೆ ಸಾಕ್ಷಿ ಬೇಕಿರಲಿಲ್ಲ.

ಕೊಟ್ಟಿಗೆ ಈಗ ಹೆಸರಿಗೆ ಮಾತ್ರ ಕೊಟ್ಟಿಗೆ. ದನ ಇಲ್ಲ, ಗೊಂತು ಉಳಿದಿದೆ; ಅದರ ಪಕ್ಕದಲ್ಲಿ ಅರ್ಧ ಎಚ್‌ಪಿ ಮೋಟಾರಿನ ಲೇತು ಕೂತಿದೆ. ಈ ಹುಚ್ಚು ಹತ್ತಿದ್ದಕ್ಕೆ ಕಾರಣ ದೂರ ಹುಡುಕಬೇಕಿಲ್ಲ. ಮಂಡ್ಯ ದಾಟಿ, ಮದ್ದೂರಿನಲ್ಲಿ ತಿಂದ ವಡೆಯ ಎಣ್ಣೆ ಬೆರಳಿನಿಂದ ಹೋಗುವ ಮೊದಲೇ ಚನ್ನಪಟ್ಟಣದ ಬೊಂಬೆ ಅಂಗಡಿಗಳ ಸಾಲು ಶುರುವಾಗುತ್ತದೆ. ಅಲ್ಲಿನವರು ಹಾಲೆ ಮರವನ್ನು ಒಣಗಿಸಿ ಕಡೆಯುತ್ತಾರೆ. ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಒಣಗರಿ ಒತ್ತಿದರೆ ಮಿಂಚು ಬರುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಸುಬು ಅದು. ಅರಗು ಹತ್ತಿದ ಮೇಲೆ ಧೂಳಿನ ಮಾತಿಲ್ಲ. ಧೂಳೆಲ್ಲ ಅದಕ್ಕೂ ಮುಂಚೆ ಉಪ್ಪುಕಾಗದ ಹಿಡಿಯುವ ಹೊತ್ತಿನದು.

ದೊಡ್ಡವ್ವನ ಹಿಂದೆಯೇ ದೊಡ್ಡಪ್ಪ ಬಂದರು, ಬಾಯಲ್ಲಿ ಎಲೆ ಅಡಿಕೆ. ಸುತ್ತಲಿನ ಅಕ್ಕಿ ಮಿಲ್ಲುಗಳಲ್ಲಿ ಫಿಟ್ಟರ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡವರು. ತವುಡು, ಉಮಿ, ನುಚ್ಚು, ದೂಳು ಎಲ್ಲವನ್ನೂ ಮೂಗಿನಿಂದಲೇ ಬೇರೆ ಮಾಡುತ್ತಾರೆ. ಬೇಲಿಯ ಮೇಲೆ ಕೈಯೂರಿ ಕೊಟ್ಟಿಗೆಯೊಳಗೆ ಇಣುಕಿ ತೀರ್ಪು ಕೊಟ್ಟರು:

“ಕೆಳಗೆ ಬಿದ್ದಿರೋ ಹೊಟ್ಟಿಗೆ ಎದರ್ಬ್ಯಾಡ ಕಣ್ಲಾ. ಅದು ಕಣ್ಣಿಗೆ ಕಾಣ್ತದೆ, ಪೊರಕೇಲಿ ಗುಡಿಸ್ಬೋದು. ಅಂಚಿನ ಸಂದೀಲಿ ಬಿಸ್ಲು ಬಿದ್ದಾಗ ಗಾಳೀಲಿ ಆಡ್ತದಲ್ಲ, ಅದು ಕಳ್ಳ.”

ದೊಡ್ಡಪ್ಪ ಮಿಲ್ಲಿನಲ್ಲಿ ಕಂಡುಕೊಂಡದ್ದನ್ನೇ ವೈದ್ಯರು ಬೇರೆ ದಾರಿಯಲ್ಲಿ ಕಂಡುಕೊಂಡಿದ್ದಾರೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 10 ಮೈಕ್ರಾನಿಗಿಂತ ಸಣ್ಣ ಕಣ ಮೂಗು ಗಂಟಲು ದಾಟಿ ಶ್ವಾಸಕೋಶಕ್ಕೆ ಇಳಿಯಬಲ್ಲದು. ಇಂಗ್ಲೆಂಡಿನ ಹೈ ವಿಕಂಬ್ ಸುತ್ತ ಕುರ್ಚಿ ಮೇಜು ಮಾಡುವ ಕೆಲಸಗಾರರಲ್ಲಿ ಮೂಗಿನೊಳಗಿನ ಅಪರೂಪದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಅಲ್ಲಿನ ವೈದ್ಯರು 1960ರ ದಶಕದಲ್ಲಿ ಗುರುತಿಸಿದರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿತು. ಅದು ವರ್ಷಗಟ್ಟಲೆ ಅದರಲ್ಲೇ ಬದುಕಿದವರ ಮಾತು, ಭಾನುವಾರ ಒಂದು ಬಟ್ಟಲು ಕಡೆಯುವವನ ಮಾತಲ್ಲ. ಆದರೂ ಬೀಟೆ ಉಜ್ಜಿದರೆ ಕೆಲವರ ಮೈಗೆ ತುರಿಕೆ ಬರುವುದಕ್ಕೆ, ಸೀನು ಹತ್ತುವುದಕ್ಕೆ ವರ್ಷಗಳು ಬೇಕಿಲ್ಲ. ಬೇವು ಉಜ್ಜಿದ ದಿನ ನಾಲಿಗೆಯೇ ಹೇಳುತ್ತದೆ ಧೂಳು ಎಲ್ಲಿಯವರೆಗೆ ಬಂದಿದೆ ಎಂದು.

ಹಬ್ಬಕ್ಕೆ ಬಂದಿದ್ದ ಬೆಂಗಳೂರಿನ ಸೋದರಳಿಯ ನಡುವೆ ಬಾಯಿ ಹಾಕಿದ. “ಮಾವ, ಒಂದು ವ್ಯಾಕ್ಯೂಮ್ ಕ್ಲೀನರ್ ಇಟ್ಟರೆ ಮುಗೀತಲ್ಲ.” ದೊಡ್ಡಪ್ಪ ಅವನಿಗೊಂದು ಪರೀಕ್ಷೆ ಕೊಟ್ಟರು. ಗೂಡಿನಲ್ಲಿದ್ದ ದೀಪವನ್ನು ಮೊಳದ ದೂರದಿಂದ ಊದು ಅಂದರು. ಆರಿತು. ಮತ್ತೆ ಹಚ್ಚಿ, ಅದೇ ದೂರದಿಂದ ಉಸಿರು ಎಳೆದು ಆರಿಸು ಅಂದರು. ಹುಡುಗ ಕೆಂಪಾಗುವವರೆಗೆ ಎಳೆದ, ದೀಪ ಕದಲಲಿಲ್ಲ.

ಇಡೀ ಕಸುಬಿನ ಗುಟ್ಟು ಈ ದೀಪದಲ್ಲೇ ಇದೆ. ಊದಿದ ಗಾಳಿ ಒಂದೇ ದಿಕ್ಕಿಗೆ ದೂರ ಹೋಗುತ್ತದೆ. ಎಳೆದ ಗಾಳಿ ಸುತ್ತಲಿಂದಲೂ ಬರುವುದರಿಂದ ಬಾಯಿಯ ಹತ್ತಿರ ಮಾತ್ರ ಬಲ. ನಾಲ್ಕಿಂಚು ಪೈಪಿನ ಬಾಯಿಯಿಂದ ನಾಲ್ಕೇ ಇಂಚು ಆಚೆ ಹೋದರೆ ಗಾಳಿಯ ವೇಗ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ. ಆದ್ದರಿಂದ ಗೋಡೆಗೊಂದು ದೊಡ್ಡ ಫ್ಯಾನು ಸಿಕ್ಕಿಸಿ ‘ಧೂಳೆಲ್ಲ ಎಳೆದುಕೊಳ್ಳಲಿ’ ಎಂದು ಕೂತರೆ ಅದು ಎಳೆದುಕೊಳ್ಳುವುದು ನಮ್ಮ ಮೂಗು ದಾಟಿ ಬಂದ ಧೂಳನ್ನು. ಧೂಳನ್ನು ಹುಟ್ಟಿದಲ್ಲೇ ಹಿಡಿಯಬೇಕು.

ಎಲ್ಲಿ ಹುಟ್ಟುತ್ತದೆ? ಲೇತಿನ ತುಂಡು ಮೇಲಿನಿಂದ ನಮ್ಮ ಕಡೆಗೆ ತಿರುಗಿ ಕೆಳಗಿನಿಂದ ಆಚೆಗೆ ಹೋಗುತ್ತದೆ. ಉಳಿ ಹಿಡಿದಾಗ ಹೊರಡುವ ಉದ್ದನೆಯ ಸುರುಳಿ ಎದೆಗೂ ಹಾರುತ್ತದೆ, ಹಂಚಿಗೂ ಹಾರುತ್ತದೆ. ಅದನ್ನು ಬೆನ್ನಟ್ಟುವ ಗೊಡವೆ ಬೇಡ, ನೆಲಕ್ಕೆ ಬೀಳಲಿ. ಉಪ್ಪುಕಾಗದವನ್ನು ಮಾತ್ರ ತುಂಡಿನ ಕೆಳಭಾಗಕ್ಕೆ ಹಿಡಿದರೆ ಹುಡಿ ಹಿಂದಕ್ಕೆ, ಕೆಳಕ್ಕೆ ಹೋಗುತ್ತದೆ. ಕೈಗೂ ಅದೇ ಕ್ಷೇಮ, ಕಾಗದ ಸಿಕ್ಕಿಕೊಂಡರೂ ಬೆರಳನ್ನು ದೂರ ತಳ್ಳುತ್ತದೆ. ಹಾಗಾಗಿ ಹೀರುವ ಬಾಯಿ ಇರಬೇಕಾದ ಜಾಗ ತುಂಡಿನ ಹಿಂದೆ, ಸ್ವಲ್ಪ ಕೆಳಗೆ, ಗೇಣಿಗಿಂತ ಹತ್ತಿರ. ಹದಿನೈದು ಲೀಟರಿನ ಎಣ್ಣೆ ಡಬ್ಬದ ಒಂದು ಮಗ್ಗುಲು ಕತ್ತರಿಸಿ, ಅಂಚು ಮಡಚಿ, ಬೆನ್ನಿಗೆ ಪೈಪ್ ಕೂರಿಸಿದರೆ ಬಾಯಿ ಸಿದ್ಧ. ಸುತ್ತಲೂ ತಗಡು ಇರುವುದರಿಂದ ಬೇಡದ ಕಡೆಯ ಗಾಳಿ ಬರುವುದು ತಪ್ಪುತ್ತದೆ, ಬೇಕಾದ ಕಡೆಯ ಎಳೆತ ಹೆಚ್ಚುತ್ತದೆ.

ವ್ಯಾಕ್ಯೂಮ್ ಕ್ಲೀನರಿನ ಕೊರತೆ ಬಲದ್ದಲ್ಲ, ಗಾಳಿಯ ಪ್ರಮಾಣದ್ದು. ಸಣ್ಣ ಕೊಳವೆಯಲ್ಲಿ ಜೋರಾಗಿ ಎಳೆಯುತ್ತದೆ, ಆದರೆ ನಿಮಿಷಕ್ಕೆ ಎಳೆಯುವುದು ಎರಡು ಮೂರು ಘನ ಮೀಟರ್ ಗಾಳಿ. ಹಾರುವ ಸಣ್ಣ ಹುಡಿಗೆ ತುಂಬಾ ಗಾಳಿ ಬೇಕು, ಪೈಪಿನಲ್ಲಿ ಹೊಟ್ಟು ಕೂರದಿರಲು ವೇಗವೂ ಬೇಕು. ಸೆಕೆಂಡಿಗೆ 20 ಮೀಟರ್ ಎನ್ನುವುದು ರೂಢಿಯ ಲೆಕ್ಕ. ನಾಲ್ಕಿಂಚು ಪೈಪಿನಲ್ಲಿ ಆ ವೇಗ ಬರಬೇಕಾದರೆ ನಿಮಿಷಕ್ಕೆ ಹತ್ತಿರ ಹತ್ತಿರ ಹತ್ತು ಘನ ಮೀಟರ್ ಗಾಳಿ ಹರಿಯಬೇಕು. ಅದು ಬ್ಲೋವರಿನ ಕೆಲಸ. ಗುಜರಿಯಲ್ಲಿ ಗಟ್ಟಿ ರೆಕ್ಕೆಯ ಬ್ಲೋವರ್ ಹುಡುಕಿದರಾಯಿತು, ಮೋಟಾರು ಬದಲಾಯಿಸಿಕೊಳ್ಳಬಹುದು. ಪೈಪಿಗಂತೂ ಬರವಿಲ್ಲ, ನಾಲೆ ನೀರಿನ ಊರಿನಲ್ಲಿ ಗದ್ದೆಗೆ ಎಳೆದು ಮಿಕ್ಕ ಪಿವಿಸಿ ತುಂಡು ಯಾರ ಹಿತ್ತಿಲಲ್ಲಿಲ್ಲ?

“ಬೆಂಡು ಕಮ್ಮಿ ಹಾಕು,” ಅಂದರು ದೊಡ್ಡಪ್ಪ. “ಒಂದೇ ಮೊಳಕೈ ಬೆಂಡಿಗಿಂತ ಎರಡು ಅರೆಬೆಂಡು ಮೇಲು. ಮಿಲ್ಲಲ್ಲಿ ತವುಡು ಕಟ್ಕೊಳ್ತಿದ್ದದ್ದೇ ಬೆಂಡಲ್ಲಿ.” ಸುರುಳಿ ಸುರುಳಿಯಾಗಿ ಬಾಗುವ ಕೊಳವೆಯನ್ನೂ ಅವರು ಒಪ್ಪಲಿಲ್ಲ. ಒಳಮೈಯ ಏರಿಳಿತಕ್ಕೆ ಗಾಳಿ ಸೋಲುತ್ತದೆ. ಕೊನೆಯ ಒಂದು ಮೊಳಕ್ಕೆ ಸಾಕು. ಒಣಹವೆಯಲ್ಲಿ ಪಿವಿಸಿಯೊಳಗೆ ಹೊಟ್ಟು ಓಡಿದರೆ ಪೈಪ್ ಮುಟ್ಟಿದಾಗ ಚುರ್ ಅನ್ನುತ್ತದೆ. ಒಂದು ತಾಮ್ರದ ತಂತಿ ಸುತ್ತಿ ಅರ್ಥಿಂಗಿಗೆ ಕಟ್ಟಿದರೆ ಆ ಕಿರಿಕಿರಿ ಕಡಿಮೆಯಾಗುತ್ತದೆ.

ಇನ್ನು ಎಳೆದದ್ದು ಎಲ್ಲಿ ಬೀಳಬೇಕು ಎಂಬ ಪ್ರಶ್ನೆ. ಸೋದರಳಿಯ ಮೊಬೈಲಿನಲ್ಲಿ ಡೈಸನ್ ಕಥೆ ತೆಗೆದ. ಇಂಗ್ಲೆಂಡಿನ ಜೇಮ್ಸ್ ಡೈಸನ್ ಒಂದು ಮರದ ಮಿಲ್ಲಿನಲ್ಲಿ ಗಾಳಿ ಸುತ್ತಿಸಿ ಹೊಟ್ಟು ಬೇರ್ಪಡಿಸುವ ಸೈಕ್ಲೋನ್ ಕಂಡು, ಅದನ್ನೇ ಮನೆ ಗುಡಿಸುವ ಯಂತ್ರಕ್ಕೆ ಇಳಿಸಲು 5,127 ಮಾದರಿ ಮಾಡಿದನಂತೆ. ದೊಡ್ಡಪ್ಪ ಎಲೆ ಅಡಿಕೆ ಉಗಿದು ಬಂದು ಹೇಳಿದರು: “ಅಷ್ಟೊಂದು ಯಾಕೆ? ಮಂಡ್ಯ ಕಡೆ ಯಾವ್ದಾದ್ರೂ ಅಕ್ಕಿ ಮಿಲ್ಲಿನ ಮಾಡು ನೋಡಿದ್ರೆ ತಗಡಿನ ಗೊಂಬೆ ಒಂದು ನಿಂತಿರ್ತದೆ. ಮೇಲೆ ಡೊಳ್ಳು, ಕೆಳಗೆ ಚೂಪು. ನಾನೇ ಎಷ್ಟಕ್ಕೋ ಪ್ಯಾಚ್ ಹಾಕಿವ್ನಿ.”

ಮಾತು ದೊಡ್ಡದಾದರೂ ಸುಳ್ಳಲ್ಲ. ಗಾಳಿ ಆ ಡೊಳ್ಳಿನೊಳಗೆ ಪಕ್ಕದಿಂದ ನುಗ್ಗಿ ಗೋಡೆಗುಂಟ ಸುತ್ತುತ್ತದೆ. ಭಾರದ ಕಣ ಗೋಡೆಗೆ ಒತ್ತಿ, ವೇಗ ಕಳೆದುಕೊಂಡು, ಚೂಪಿನ ಕಡೆ ಜಾರುತ್ತದೆ; ಹಗುರಾದ ಗಾಳಿ ನಡುವಿನ ಕೊಳವೆಯಿಂದ ಮೇಲೆ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಆಗಿತ್ತು. ಮನೆಯ ಮಟ್ಟಿಗೆ ತಗಡು ಕೆಲಸದವರ ಹತ್ತಿರ ಒಂದು ಸಣ್ಣ ಶಂಕು ಸುತ್ತಿಸಿ, ಬಾಯಿ ಬಿಗಿಯುವ ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ ಕೂರಿಸಿದರೆ ಸಾಕು. ಡ್ರಮ್ಮಿನ ಮುಚ್ಚಳದಲ್ಲಿ ಕೂದಲೆಳೆ ಸಂದಿದ್ದರೂ ಕೆಳಗೆ ಬಿದ್ದ ಹೊಟ್ಟು ಮತ್ತೆ ಎದ್ದು ಗಾಳಿಯ ಜೊತೆ ಹೊರಡುತ್ತದೆ. ಸೈಕಲ್ ಟ್ಯೂಬ್ ಸೀಳಿ ಅಂಚಿಗೆ ಕೂರಿಸುವುದು ದೊಡ್ಡಪ್ಪನ ಮದ್ದು.

ಸೈಕ್ಲೋನ್ ಹೊಟ್ಟು ಹಿಡಿಯುತ್ತದೆ, ಆದರೆ ಅವರು ಹೇಳಿದ ಕಳ್ಳ ಧೂಳಿನಲ್ಲಿ ಒಂದು ಪಾಲು ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಹಿಟ್ಟಿನ ಗಿರಣಿಯ ಪಾಠ ಇದೆ. ಹಿಟ್ಟು ಸುರಿಯುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳು ಗಾಳಿ ಬಿಡುತ್ತದೆ, ಹಿಟ್ಟು ಹಿಡಿಯುತ್ತದೆ. ಹಾಗಿದ್ದರೂ ಗಿರಣಿಯವನ ರೆಪ್ಪೆ ಬೆಳ್ಳಗೇ ಇರುತ್ತದೆ, ಏಕೆಂದರೆ ಅತಿ ಸಣ್ಣದು ಬಟ್ಟೆಯನ್ನೂ ದಾಟುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಲೇತು ಇಟ್ಟವರು ದುಬಾರಿ ಫಿಲ್ಟರ್ ಹಾಕಿಸಬೇಕು. ಹಿತ್ತಿಲು ಇರುವ ಕೆರಗೋಡಿನವರು ಗಾಳಿಯನ್ನು ಹೊರಗೇ ಬಿಡಬಹುದು. ಹೊರಗೆ ಹೋದಷ್ಟು ಒಳಗೆ ಬರಬೇಕಲ್ಲ, ಹಾಗಾಗಿ ಎದುರು ಗೋಡೆಯ ಕಿಟಕಿ ತೆಗೆದಿಡಬೇಕು.

ಹೊರಗೆ ಎಂದರೆ ಯಾವ ಕಡೆ? ಇಲ್ಲಿ ದೊಡ್ಡವ್ವ ಮೊರ ಕೆಳಗಿಟ್ಟು ಅಧಿಕಾರ ವಹಿಸಿಕೊಂಡರು. ಕಣದಲ್ಲಿ ರಾಗಿ ತೂರಿದವರಿಗೆ ಗಾಳಿಯ ಪಾಠ ಹೇಳುವವರು ಯಾರು! ಒಂದು ಚಿಟಿಕೆ ಹೊಟ್ಟು ಎತ್ತಿ ಬಿಟ್ಟು ನೋಡಿದರು. “ಆಷಾಢದಲ್ಲಿ ಗಾಳಿ ಪಡುವ್ಲಿಂದ, ಸುಗ್ಗೀಲಿ ಮೂಡ್ಲಿಂದ. ನಿನ್ ಪೈಪಿನ ಮೂತಿ ತಿರುಗಂಗಿರ್ಲಿ. ಯಾವತ್ತೂ ನನ್ ಅಂಗ್ಳದ್ ಕಡೆ ತಿರುಗ್ಕೂಡ್ದು.” ಹಾಗಾಗಿ ಕೊನೆಯ ಬೆಂಡಿಗೆ ಅಂಟು ಹಾಕದೆ ಸಡಿಲ ಬಿಟ್ಟಿದೆ. ಕಾಲ ಬದಲಾದಾಗ ಮೂತಿ ತಿರುಗಿಸುವುದು ದೊಡ್ಡವ್ವನ ಹಕ್ಕು. ಸಂಡಿಗೆ ಒಣಗುವ ದಿನ ಲೇತಿಗೂ ರಜೆ.

ದೊಡ್ಡಪ್ಪ ಇನ್ನೆರಡು ಕಟ್ಟುಪಾಡು ಸೇರಿಸಿದರು. ಉಳಿ ಮಸೆಯುವ ಕಲ್ಲು ಹೀರುವ ಬಾಯಿಯ ಹತ್ತಿರ ಇರಕೂಡದು. ಕಿಡಿ ಒಳಗೆ ಹೋದರೆ ಡ್ರಮ್ಮಿನ ಹೊಟ್ಟು ಸದ್ದಿಲ್ಲದೆ ಒಳಗೊಳಗೇ ಹೊಗೆಯಾಡಿ ರಾತ್ರಿ ಹೊತ್ತಿಕೊಳ್ಳುತ್ತದೆ. ಆಲೆಮನೆ ಸಿಪ್ಪೆ ರಾಶಿಗೆ ಬೆಂಕಿ ಬಿದ್ದದ್ದು ಕಂಡವರಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ. ಎರಡನೆಯದು, ಬಣ್ಣ ಪಾಲಿಶ್ ಹತ್ತಿದ ಹಳೇ ಮರದ ಹೊಟ್ಟು ಒಲೆಗೆ ಹೋಗಬಾರದು. ಬರಿಯ ಒಣ ಹೊಟ್ಟಾದರೆ ದೊಡ್ಡವ್ವನ ನೀರೊಲೆಗೆ ಸಲ್ಲುತ್ತದೆ. ತಗಡಿನ ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿ ಕಿತ್ತರೆ ಉಳಿಯುವ ಕೊಳವೆಯಲ್ಲಿ ಬೆಂಕಿ ನಿಧಾನವಾಗಿ ಉರಿಯುತ್ತದೆ. ಬೇಲಿಯ ರಾಜಿ ಕುದುರಿದ್ದು ಮುಖ್ಯವಾಗಿ ಈ ಹೊಟ್ಟಿನ ಮೇಲೆ.

ಇಷ್ಟಾದರೂ ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡರೆ ಸುರುಳಿ ತಡೆದೀತು, ಸಣ್ಣ ಧೂಳು ನೂಲಿನ ನಡುವೆ ನಡೆದು ಬರುತ್ತದೆ. ಎನ್95 ಎಂದು ಬರೆದ ಮಾಸ್ಕ್ 0.3 ಮೈಕ್ರಾನಿನ ಕಣದಲ್ಲೂ ನೂರಕ್ಕೆ 95 ಪಾಲು ತಡೆಯುವಂಥದ್ದು. ಅದು ಕೆನ್ನೆಗೆ ಬಿಗಿಯಾಗಿ ಕೂತರೆ ಮಾತ್ರ ಆ ಲೆಕ್ಕ. ಗಡ್ಡ ಬಿಟ್ಟವರಿಗೆ ಅಂಚಿನಲ್ಲೇ ಬಾಗಿಲು ತೆರೆದಿರುತ್ತದೆ. ಮಾಸ್ಕಿನ ಅಂಚು ದಾಟುವ ಗಿರಿಜಾ ಮೀಸೆಗೂ ಇದೇ ನ್ಯಾಯ ಎಂದಾಗ ಮಾತ್ರ ದೊಡ್ಡಪ್ಪ ತಮ್ಮ ಮೀಸೆ ಸವರಿಕೊಂಡು ಮಾತು ಬದಲಿಸಿದರು. ಮೋಟಾರು ನಿಂತ ಮೇಲೂ ಸಣ್ಣ ಧೂಳು ಬಹಳ ಹೊತ್ತು ಗಾಳಿಯಲ್ಲೇ ಇರುತ್ತದೆ. ಬ್ಲೋವರ್ ಇನ್ನಷ್ಟು ಹೊತ್ತು ತಿರುಗಲಿ, ಮಾಸ್ಕ್ ಅಷ್ಟು ಹೊತ್ತು ಇರಲಿ.

ಇವೆಲ್ಲಕ್ಕಿಂತ ಅಗ್ಗದ ಉಪಾಯ ಉಳಿಯ ಬಾಯಲ್ಲಿದೆ. ಚೂಪಾದ ಉಳಿ ಮರವನ್ನು ಸುರುಳಿಯಾಗಿ ಸುಲಿಯುತ್ತದೆ, ಮೈ ನುಣುಪಾಗಿ ಬಿಡುತ್ತದೆ. ಮೊಂಡು ಉಳಿ ಕೆರೆದು ಹುಡಿ ಎಬ್ಬಿಸುತ್ತದೆ, ಆ ಕೆರೆತವನ್ನು ಮುಚ್ಚಲು ಮತ್ತೆ ಉಪ್ಪುಕಾಗದ ಬೇಕಾಗುತ್ತದೆ. ಉಪ್ಪುಕಾಗದ ಹಿಡಿದಷ್ಟೂ ಧೂಳು. ಹಸಿಯಿದ್ದಾಗಲೇ ಒರಟಾಗಿ ಕಡೆದು, ನೆರಳಲ್ಲಿ ಒಣಗಿಸಿ, ಆಮೇಲೆ ಕೊನೆಯ ಕಡೆತ ಮಾಡಿದರೂ ಧೂಳು ಇಳಿಯುತ್ತದೆ. ಹುಟ್ಟದ ಧೂಳನ್ನು ಯಾರೂ ಹಿಡಿಯಬೇಕಿಲ್ಲ.

ಆದ್ದರಿಂದ ಮನೆಯಲ್ಲಿ ಲೇತು ಇಡುವ ಮನಸ್ಸಿದ್ದವರಿಗೆ ಹೇಳುವುದು ಇಷ್ಟೇ: ಕೂಡಿಟ್ಟ ದುಡ್ಡನ್ನೆಲ್ಲ ಲೇತಿಗೇ ಸುರಿಯಬೇಡಿ. ಒಂದು ಪಾಲು ಒಳ್ಳೆಯ ಉಳಿಗೆ ಮತ್ತು ಮಸೆಯುವ ಕಲ್ಲಿಗೆ, ಒಂದು ಪಾಲು ಬ್ಲೋವರಿಗೆ ಇಡಿ. ಬ್ಲೋವರ್ ಬರುವವರೆಗೆ ಲೇತಿನ ಸ್ವಿಚ್ ಮುಟ್ಟಬೇಡಿ. ಪೈಪಿನ ಮೂತಿ ಎತ್ತ ಎಂದು ನಿಶ್ಚಯಿಸುವ ಮೊದಲು ಬೇಲಿಯಾಚೆಯವರನ್ನು ಒಂದು ಮಾತು ಕೇಳಿ.