ಬಹುಪರಾಕಿನ ಗಂಟಲು

ನಮ್ಮ ಸಂವಿಧಾನದ 18ನೇ ವಿಧಿಯ ಪ್ರಕಾರ, ಸೇನೆಯದು ಮತ್ತು ವಿದ್ಯೆಯದು ಬಿಟ್ಟರೆ ಬೇರೆ ಯಾವ ಬಿರುದನ್ನೂ ಸರ್ಕಾರ ಕೊಡುವಂತಿಲ್ಲ. 1971ರಲ್ಲಿ 26ನೇ ತಿದ್ದುಪಡಿ ಬಂದು ರಾಜಧನದ ಜೊತೆಗೆ ಮಹಾರಾಜರ ಮಾನ್ಯತೆಯೂ ಹೋಯಿತು. 2012ರಲ್ಲಿ ಪ್ರಣಬ್ ಮುಖರ್ಜಿಯವರು ರಾಷ್ಟ್ರಪತಿಯಾದ ಮೇಲೆ, ದೇಶದೊಳಗಿನ ಸಮಾರಂಭಗಳಲ್ಲಿ ‘ಘನತೆವೆತ್ತ’ ಬೇಡವೆಂದಾಯಿತು. ಇಷ್ಟೆಲ್ಲ ಮಾಡಿದವರು ನಮ್ಮ ತಾಲ್ಲೂಕಿನ ನಿರೂಪಕನೊಬ್ಬನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ನಿರೂಪಕ ನಾನೇ.

ಮೈಕು ಕೈಗೆ ಬಂದರೆ ಸಾಕು, ನನ್ನೊಳಗಿನ ಹೊಗಳುಭಟ ಎದ್ದು ಕೂರುತ್ತಾನೆ. ಕಳೆದ ರಾಜ್ಯೋತ್ಸವ ಜನವರಿಯಲ್ಲಿ ನಡೆಯಿತು. ಶಾಸಕರ ಡೇಟು ಸಿಕ್ಕಿದ್ದೇ ಆಗ. ಅವರ ಕಾರು ಗೇಟಿಗೆ ಬಂತು. ನಾನು ಶುರು ಮಾಡಿದೆ: ‘ಸನ್ಮಾನ್ಯ, ಜನಪ್ರಿಯ, ಬಡವರ ಬಂಧು...’ ಅವರು ಸೆಲ್ಫಿಗೆ ನಿಂತರು. ‘ಅಭಿವೃದ್ಧಿಯ ಹರಿಕಾರ, ಯುವಕರ ಕಣ್ಮಣಿ...’ ಯಾರೋ ಸೇಬಿನ ಹಾರ ತಂದರು. ‘ಸೋಲಿಲ್ಲದ ಸರದಾರ’ ಎಂದೆ. ಎರಡು ಸಲ ಸೋತವರು, ನಸುನಕ್ಕರು. ಮತ್ತೆ ಸೆಲ್ಫಿ. ನನ್ನ ಸರಕು ಮುಗಿಯಿತು, ಅವರಿನ್ನೂ ಕೊನೆಯ ಸಾಲಿನ ಕುರ್ಚಿಗಳ ಹತ್ತಿರವೇ ಇದ್ದರು. ಗತ್ಯಂತರವಿಲ್ಲದೆ ವಿಜಯನಗರದ ಶಾಸನಗಳಿಗೆ ಕೈಹಾಕಿದೆ. ‘ಮೂರು ರಾಯರ ಗಂಡ!’ ಶಿಳ್ಳೆ ಬಿತ್ತು. ‘ಪೂರ್ವ ಪಶ್ಚಿಮ ಸಮುದ್ರಾಧೀಶ್ವರ!’ ನಮ್ಮೂರ ಕೆರೆಗೆ ನೀರು ಬಾರದೆ ವರ್ಷಗಳಾಗಿವೆ, ಆದರೂ ಚಪ್ಪಾಳೆ. ಗಂಟಲು ಏರಿಸಿ ಕೊನೆಯದನ್ನು ಬಿಟ್ಟೆ: ‘ಭಾಷೆಗೆ ತಪ್ಪುವ...’ ಅಷ್ಟರಲ್ಲಿ ಉಸಿರು ಕಟ್ಟಿತು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ‘...ರಾಯರ ಗಂಡ’ ಎಂಬ ಉಳಿದರ್ಧ ಯಾರಿಗೂ ಕೇಳಿಸಲಿಲ್ಲ. ಶಾಸಕರು ಎರಡೂ ಕೈ ಮುಗಿದು ವೇದಿಕೆ ಹತ್ತಿ ನನ್ನ ಕಿವಿಯಲ್ಲಿ, ‘ಆ ಕೊನೇದು ಚೆನ್ನಾಗಿತ್ತು ಕಣ್ರೀ, ಮುಂದಿನ ಫ್ಲೆಕ್ಸಿಗೆ ಬರ್ಕೊಡಿ’ ಎಂದರು.

ಅದೇ ವಾರ ಪಕ್ಕದ ಮನೆಯ ಅಜ್ಜಿಗೆ ಪಿಂಚಣಿಯ ಅರ್ಜಿ ಬರೆದುಕೊಟ್ಟೆ. ಮೇಲೆ ‘ಮಾನ್ಯರೇ’, ಕೆಳಗೆ ‘ತಮ್ಮ ವಿಧೇಯಳು’. ಕಚೇರಿಯ ಕಿಟಕಿಯಲ್ಲಿ ಮೊಮ್ಮಗನ ವಯಸ್ಸಿನವನೊಬ್ಬ, ‘ಏಯ್, ನಾಳೆ ಬಾ’ ಎಂದ. ಅಜ್ಜಿ ‘ಆಯ್ತು ಸ್ವಾಮಿ’ ಎಂದಳು. ಇದ್ದ ಬದ್ದ ಬಹುವಚನವನ್ನೆಲ್ಲ ನನ್ನಂಥವರು ವೇದಿಕೆಯ ಮೇಲೇ ಸುರಿದುಬಿಟ್ಟರೆ, ಕಿಟಕಿಯ ಹೊರಗೆ ನಿಂತವರಿಗೆ ಉಳಿಯುವುದೇನು? ಅವತ್ತು ನನ್ನ ಗಂಟಲಿನ ಮೇಲೆ ನನಗೇ ಅಸಹ್ಯ ಹುಟ್ಟಿತು.

ಅಸಹ್ಯ ಮುಂದಿನ ಆಹ್ವಾನ ಪತ್ರಿಕೆ ಬರುವವರೆಗೆ ಉಳಿಯಿತು. ಅದರಲ್ಲಿ ಶಾಮಿಯಾನದವನ ಹೆಸರಿಗೂ ‘ಶ್ರೀಯುತ’ ಇತ್ತು. ತೀರಾ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿದ್ದ ನನ್ನ ಹೆಸರಿಗೆ ಬರೀ ಒಂದು ‘ಶ್ರೀ’ ಕೂಡ ಇರಲಿಲ್ಲ. ಕೂಡಲೇ ಸಂಘದ ಕಾರ್ಯದರ್ಶಿಗೆ ಫೋನು ಹಚ್ಚಿದೆ.

‘ಅಲ್ಲ ಸಾರ್, ನೀವೇ ತಾನೆ ಸಂವಿಧಾನ, ಸಮಾನತೆ ಅಂತೆಲ್ಲ ಹೇಳ್ತಿದ್ದೋರು?’ ಎಂದ.

‘18ನೇ ವಿಧಿ ತಡೆಯೋದು ಸರ್ಕಾರವನ್ನಪ್ಪ, ನಿಮ್ಮ ಸಂಘವನ್ನಲ್ಲ’ ಎಂದೆ. ‘“ನಿರೂಪಣಾ ಸಾಮ್ರಾಟ್” ಅಂತ ಹಾಕು. ದಪ್ಪಕ್ಷರದಲ್ಲಿರಲಿ.’