ಅಪ್ಪನ ಸ್ಮರಣಾರ್ಥ ಪೇಟಿ ಕೊಡುವ ಕ್ರಮ

ಮೊದಲು ಅಪ್ಪನ ಫೋಟೋ ಆರಿಸಿ. ಸಂಗೀತದ ವಿಚಾರ ಆಮೇಲೆ. ಭಜನೆಯಲ್ಲಿ ತಾಳ ಹಿಡಿದು ಕೂತ ಫೋಟೋ ಸಿಕ್ಕರೆ ಪಕ್ಕಕ್ಕಿಡಿ, ಅದರಲ್ಲಿ ಬಾಯಿ ತೆರೆದಿರುತ್ತದೆ. ಆಧಾರ್ ಕಾರ್ಡಿನದು ಸಾಕು. ಫ್ಲೆಕ್ಸ್ ಮಾಡುವ ಹುಡುಗ ಅದಕ್ಕೆ ಕೋಟು ತೊಡಿಸಿ, ರುಮಾಲು ಸುತ್ತಿ, ಹಿಂದೊಂದು ಸೂರ್ಯೋದಯ ಮಾಡಿಸಿಕೊಡುತ್ತಾನೆ. ಗಡಿಸೀಮೆಯ ನಂದೇಶ್ವರದ ಕಡೆಯವರಾದರೆ ಮೇಲೆ ಮರಾಠಿ, ಕೆಳಗೆ ಕನ್ನಡ ಹಾಕಿಸಿ. ಎರಡರಲ್ಲೂ ನಿಮ್ಮ ಹೆಸರು ಅಪ್ಪನ ಹೆಸರಿಗಿಂತ ಒಂದು ಬೆರಳು ದೊಡ್ಡದಿರಲಿ.

ಈಗ ಶಾಲೆಗೆ ಕೊಡುವ ದಾನದ ವಸ್ತು. ತಂಬೂರಿ ಬೇಡ. ಪಂಢರಪುರ, ಮಂಗಳವೇಢೆ ಕಡೆಯ ಹೊಲದ ಸೋರೆಬುರುಡೆಯೇ ಒಣಗಿ ಮಿರಜಿಗೆ ಹೋಗಿ ತಂಬೂರಿಯಾಗುತ್ತದೆ, 2024ರಲ್ಲಿ ಮಿರಜಿನ ತಂಬೂರಿಗೆ ಜಿಐ ಮಾನ್ಯತೆಯೂ ಸಿಕ್ಕಿತು, ಎಲ್ಲ ನಿಜ. ಆದರೆ ತಂಬೂರಿಯನ್ನು ದಿನಾ ಶ್ರುತಿ ಮಾಡಬೇಕು. ಶ್ರುತಿಗೆ ಬಲ್ಲ ಮನುಷ್ಯ ಬೇಕು. ಮನುಷ್ಯನಿಗೆ ಪಗಾರ ಬೇಕು. ಅಲ್ಲಿಗೆ ದಾನ ಕೆಟ್ಟಿತು.

ಪೇಟಿಯನ್ನೇ, ಅಂದರೆ ಹಾರ್ಮೋನಿಯಂ, ಕೊಡಿ. ಹೆಸರನ್ನು ತಿದಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ, ಅದು ಸಭೆಯ ಕಡೆಗಿರುತ್ತದೆ. ನುಡಿಸುವಾಗ ಅಕ್ಷರ ಅಲ್ಲಾಡಿ ಓದಲು ಬರುವುದಿಲ್ಲ ಎಂಬ ಆಕ್ಷೇಪವಿದೆ. ಆದ್ದರಿಂದ ನುಡಿಸದಂತೆ ನೋಡಿಕೊಳ್ಳಿ. ಕೊಟ್ಟ ದಿನವೇ ಕಪಾಟಿನಲ್ಲಿಟ್ಟು ಕೀಲಿ ಹಾಕಿಸಿ. ಕೀಲಿಕೈಯನ್ನು ಹೆಡ್‌ಮಾಸ್ತರರಿಗೆ ಒಪ್ಪಿಸಿ, ಅದೂ ಅವರು ವರ್ಗವಾಗುವ ಹೊತ್ತಿಗೆ.

ಇದು ಅನುಭವದ ಮಾತು. ನಮ್ಮ ಕಾಕಾನ ಹೆಸರಿನ ಪೇಟಿ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಹೀಗೇ ಸುರಕ್ಷಿತವಾಗಿತ್ತು. ತೆಗೆದಾಗ ಇಲಿ ತಿದಿ ಕಡಿದಿತ್ತು, ಪಂಚಮ ಏಳಲೇ ಇಲ್ಲ. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಒಂದು ಕೈಯಿಂದ ತೂತು ಮುಚ್ಚಿ ಇನ್ನೊಂದರಿಂದ ಸಾ ಹುಡುಕಿದಳು. ತಿದಿ ಒತ್ತಲು ಕೈ ಉಳಿಯಲಿಲ್ಲ. ತಮ್ಮನನ್ನು ಕರೆದಳು. ಅವನು ಹುರುಪಿನಿಂದ ಒತ್ತಿದ, ಕಾಕಾನ ಅಡ್ಡಹೆಸರು ಕಿತ್ತುಬಂತು. ಇಂಥ ಸಂದರ್ಭದಲ್ಲಿ ದುರಸ್ತಿಗೆ ಹಣ ಕೇಳುತ್ತಾರೆ. ಕೊಡಬೇಡಿ, ದುರಸ್ತಿಯ ಮೇಲೆ ಹೆಸರು ಬರೆಸಲು ಬರುವುದಿಲ್ಲ. ಮಕ್ಕಳಿಗೆ ಮಾಲಕಂಸ ಕಲಿಸಿ ಎನ್ನಿ. ಆ ರಾಗದಲ್ಲಿ ಪಂಚಮವೇ ಇಲ್ಲ. ಮುಂದೆ ರಿಷಭ ಕೆಟ್ಟರೂ ಚಿಂತೆಯಿಲ್ಲ.

ದೊಡ್ಡ ಕೈಯವರಾದರೆ ಶಾಲೆಯ ಹೆಸರಲ್ಲಿ ಠೇವಣಿ ಇಡಿ. 50,000 ರೂಪಾಯಿಗೆ ನೂರಕ್ಕೆ ಆರರಂತೆ ವರ್ಷಕ್ಕೆ 3,000, ತಿಂಗಳಿಗೆ 250. ಈ ಹಣಕ್ಕೆ ಯಾವ ಸಂಗೀತ ಮಾಸ್ತರೂ ಮಂಗಳವೇಢೆಯಿಂದ ಎಸ್‌ಟಿ ಹತ್ತಿ ಬರುವುದಿಲ್ಲ, ಅದೇ ಇದರ ಅನುಕೂಲ. ಬಡ್ಡಿಯಲ್ಲಿ ಒಂದು ಢಾಲು, ಒಂದು ಶಾಲು, 251 ರೂಪಾಯಿಯ ಒಂದು ಲಕೋಟೆ ಆಗುತ್ತದೆ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ ಪರೀಕ್ಷೆಗೆ ಫೀ ತುಂಬಿ ಎಂದು ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ.

ಕ್ರಮ ತಪ್ಪಿದವರೂ ಇದ್ದಾರೆ, ಅವರಿಂದ ಎಚ್ಚರವಾಗಿರಿ. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಹುಡುಗನೊಬ್ಬನನ್ನು ಕಂಡು ಅವನಿಗೆ ಪೇಟಿ ಕೊಟ್ಟು ಕೈತೊಳೆದುಕೊಳ್ಳುವುದು ಬಿಟ್ಟು ಗುರುಗಳನ್ನೇ ಒದಗಿಸಿದರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅವರೂ ಸುಮ್ಮನಿರದೆ ಜೋಳಿಗೆ ಹಿಡಿದು ಅಂಧ ಮಕ್ಕಳಿಗೆ, ಬಡವರ ಮಕ್ಕಳಿಗೆ ಉಣ್ಣಲಿಟ್ಟು ಹಾಡು ಕಲಿಸಿದರು. 1944ರಲ್ಲಿ ಅವರು ಹೋದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದನ್ನೇ ನಡೆಸಿದರು. ಆ ಜೋಳಿಗೆಗೆ ಅಪ್ಪನ ಹೆಸರಲ್ಲಿ ಜೋಳ ಹಾಕಿದವರ ಗತಿ ಯೋಚಿಸಿ. ಜೋಳ ಹಿಟ್ಟಾಗಿ, ಹಿಟ್ಟು ರೊಟ್ಟಿಯಾಗಿ, ರೊಟ್ಟಿ ಯಾರದೋ ತಾನಿನಲ್ಲಿ ಕರಗಿಹೋಯಿತು. ಎಲ್ಲಿದೆ ಹೆಸರು?

ಇನ್ನೊಬ್ಬರು ಭೀಮಸೇನ ಜೋಶಿ. ಗುರು ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷದಿಂದ ಶಿಷ್ಯರು ಪುಣೆಯಲ್ಲಿ ಅವರ ಸ್ಮರಣೆಗೆ ಸಂಗೀತೋತ್ಸವ ನಡೆಸಿ, ವರ್ಷ ವರ್ಷವೂ ಸ್ವತಃ ಕೂತು ಹಾಡಿದರು. ನಿಮಗೆ ಅಷ್ಟು ಪುರಸೊತ್ತು ಎಲ್ಲಿ? ಫ್ಲೆಕ್ಸ್ ಅರ್ಧ ತಾಸಿನಲ್ಲಿ ಬರುತ್ತದೆ.

ಪುಣ್ಯತಿಥಿಯ ದಿನ ಮಕ್ಕಳನ್ನು ಬೆಳಿಗ್ಗೆ ಎಂಟಕ್ಕೇ ಕೂರಿಸಿ, ಪಾಹುಣೇರು ಹನ್ನೊಂದಕ್ಕೆ ಬರುತ್ತಾರೆ. ಸ್ವಾಗತಗೀತೆಗೆ ಎರಡು ನಿಮಿಷ ಮೀಸಲಿಡಿ. ಅಂತರಾ ಎತ್ತುವಷ್ಟರಲ್ಲಿ ಕಾರು ಬಂದರೆ ಅಲ್ಲೇ ನಿಲ್ಲಿಸಿ. ಹಾರ-ತುರಾಯಿಗೆ ಒಂದು ತಾಸು ಇರಲಿ, ಬಿಟ್ಟುಹೋದ ಹೆಸರಿನವರು ಸಿಟ್ಟಾಗುತ್ತಾರೆ. ಪೇಟಿಯನ್ನು ಮೇಜಿನ ಮೇಲಿಟ್ಟು ಅದಕ್ಕೂ ಒಂದು ಹಾರ ಹಾಕಿ. ಭಾಷಣದಲ್ಲಿ ಅಪ್ಪನಿಗೆ ಸಂಗೀತವೆಂದರೆ ಪ್ರಾಣ ಎನ್ನಿ. ಮನೆಯಲ್ಲಿ ರೇಡಿಯೋ ಹಚ್ಚಿದರೆ ಬೈಯುತ್ತಿದ್ದದ್ದು ಅವ್ವನಿಗೆ ನೆನಪಿರುತ್ತದೆ. ಅವಳನ್ನು ಹೆಂಗಸರ ಸಾಲಿನಲ್ಲಿ ಹಿಂದೆ ಕೂರಿಸಿ.

ಕೊನೆಗೆ ಆಭಾರ. ಅಷ್ಟು ಹೊತ್ತಿಗೆ ಶಾಮಿಯಾನದ ಹಿಂದೆ ಯಾವನೋ ಹುಡುಗ ಪ್ಲಾಸ್ಟಿಕ್ ಕುರ್ಚಿ ಬೋರಲು ಹಾಕಿಕೊಂಡು ತಬಲಾದಂತೆ ಬಾರಿಸುತ್ತಿರುತ್ತಾನೆ. ಲಯ ತಪ್ಪುತ್ತಿಲ್ಲವಲ್ಲ ಎಂದು ಕಿವಿಗೊಡಬೇಡಿ. ಎಬ್ಬಿಸಿ ಕಳಿಸಿ, ಕುರ್ಚಿ ಒರೆಸಿಡಿ. ಸಂಜೆಯೊಳಗೆ ಎಣಿಸಿ ವಾಪಸು ಕೊಡಬೇಕು.