ಪ್ರಾಜೆಕ್ಟ್ ಮಾಣಿ

ಅಡಿಕೆ ಸುಲಿಯುವ ಚಪ್ಪರ ನೋಡಿದವರಿಗೆ ಈ ಮಾಣಿಯ ಅಜ್ಜನ ಪರಿಚಯ ಇದ್ದೇ ಇರುತ್ತದೆ. ಹತ್ತು ಮೆಟ್ಟುಗತ್ತಿಗಳ ಮೇಲೆ ಹತ್ತು ಜನ ಕೂತಿರುತ್ತಾರೆ. ಹನ್ನೊಂದನೆಯವ ಕಂಬಕ್ಕೆ ಒರಗಿ, ಕವಳ ಜಗಿಯುತ್ತ, ಹಿಂದಿನ ರಾತ್ರಿಯ ಯಕ್ಷಗಾನ ಆಟದಲ್ಲಿ ಕೀಚಕನ ಕಿರೀಟ ಜಾರಿದ್ದನ್ನು ವರ್ಣಿಸುತ್ತಿರುತ್ತಾನೆ. ಒಂದೂ ಅಡಿಕೆ ಸುಲಿದವನಲ್ಲ. ಆದರೆ ಅವನು ಎದ್ದು ಹೋದ ಕಾಲು ಗಂಟೆಗೆ ಇಡೀ ಚಪ್ಪರಕ್ಕೆ ಆಕಳಿಕೆ.

ಆ ಹನ್ನೊಂದನೆಯವನ ಮೊಮ್ಮಗ ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದ. ನಮ್ಮ ಕಡೆಯ ಹುಡುಗರಿಗೆ ಕೊನೆಯ ವರ್ಷ ಎಂದರೆ ಅಡಿಕೆ ಕೊನೆಯ ವರ್ಷವೇ. ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಬಂದವರು ಪ್ರಾಜೆಕ್ಟಿಗೆಂದು ಕೂತರೆ ಅಡಿಕೆ ಮರ ಹತ್ತುವ ಯಂತ್ರ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಬಂಟ್ವಾಳದ ಸಜಿಪದ ಕೃಷಿಕ ಗಣಪತಿ ಭಟ್ಟರ ಮರ ಹತ್ತುವ ಸ್ಕೂಟರು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾದ ಮೇಲಂತೂ ಗೈಡುಗಳು ಆ ಶೀರ್ಷಿಕೆ ಕೇಳಿದರೆ ಸುಮ್ಮನೆ ಕನ್ನಡಕ ತೆಗೆದು ಒರೆಸುತ್ತಾರೆ.

ಇವನ ಬ್ಯಾಚು ಆರಿಸಿಕೊಂಡದ್ದೂ ಅದೇ ಯಂತ್ರವನ್ನು. ಬ್ಯಾಚಿಗೆ ನಾಲ್ವರು. ಒಬ್ಬ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತಾನೆ, ಒಬ್ಬನಿಗೆ ವೆಲ್ಡಿಂಗ್ ಬರುತ್ತದೆ, ಒಬ್ಬಳು ಲೆಕ್ಕ ಮಾಡಿ ರಿಪೋರ್ಟು ಬರೆಯುತ್ತಾಳೆ. ನಾಲ್ಕನೆಯವನೇ ನಮ್ಮ ಮಾಣಿ. ಅವನ ಕೆಲಸ 'ಕೋಆರ್ಡಿನೇಶನ್'. ಹಾಗೆಂದರೆ ಏನೆಂದು ಮೊದಲ ತಿಂಗಳು ಉಳಿದ ಮೂವರಿಗೂ ತಿಳಿಯಲಿಲ್ಲ, ಮಾಣಿಗೂ ಅಷ್ಟೇನೂ ತಿಳಿದಂತಿರಲಿಲ್ಲ. ಸ್ಪ್ಯಾನರನ್ನು ಅವನು ಹಿಡಿಯುವುದು ಇನ್ನೊಬ್ಬರ ಕೈಗೆ ದಾಟಿಸುವುದಕ್ಕೆ.

ಲೆಕ್ಕದವಳು ಎರಡು ಸೆಮಿಸ್ಟರಿನ ಗ್ಯಾಂಟ್ ಚಾರ್ಟ್ ಮಾಡಿ ತಂದಳು. ವಾರವಾರಕ್ಕೂ ಬಣ್ಣಬಣ್ಣದ ಪಟ್ಟಿ. ಮಾಣಿ ತಲೆ ಓರೆ ಮಾಡಿ ನೋಡಿ ಕೇಳಿದ: "ಇದರಾಗೆ ಕೊನೆ ಕೊಯ್ಲು ಎಲ್ಲಿದ್ದು? ಆಲೆಮನೆ? ವೆಲ್ಡರನ ಅಕ್ಕನ ಮದುವೆ?" ಆ ವರ್ಷ ಸಾಗರದ ಮಾರಿಜಾತ್ರೆಯೂ ಇತ್ತು. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಹೋಗದೆ ಬೇರಿಂಗಿಗೆ ಗ್ರೀಸು ಹಚ್ಚುತ್ತ ಕೂರುವವ ಮಲೆನಾಡಿನಲ್ಲಿ ಹುಟ್ಟಿಲ್ಲ. ಪೆನ್ಸಿಲಿನಲ್ಲಿ ಅಷ್ಟನ್ನೂ ಅಡ್ಡ ಗೀಚಿ ವಾಪಸು ಕೊಟ್ಟ. ಕಡೆಗೆ ನಿಜವಾಗಿದ್ದು ಪೆನ್ಸಿಲಿನ ಗೀಟುಗಳೇ.

ಮೊದಲ ದೊಡ್ಡ ಜಗಳ ಅಳತೆಯದು. ಮರದ ಸುತ್ತಳತೆ ಮೂವರ ಟೇಪಿನಲ್ಲಿ ಮೂರು ಬಂತು. ಬುಡದಲ್ಲಿ ಅಳೆದವ, ಎದೆಮಟ್ಟದಲ್ಲಿ ಅಳೆದವ, ಏಣಿ ಹತ್ತಿ ಅಳೆದವಳು. ಮರ ಮೇಲೆ ಹೋದಂತೆ ಸಣ್ಣಗಾಗುತ್ತದೆ ಎಂಬುದು ಬಿಟ್ಟು ಉಳಿದೆಲ್ಲ ವಾದವೂ ನಡೆಯಿತು. ಮಾಣಿ ಮೂವರನ್ನೂ ಬೈಕಿನಲ್ಲಿ ಎರಡು ಟ್ರಿಪ್ಪು ಹೊಡೆದು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಕರೆದೊಯ್ದ. ಕೆಳದಿ ನಾಯಕರ ಕಾಲದಲ್ಲಿ ತೋಟದ ಅಳತೆಕೋಲು ಎಂದರೆ ಇಲ್ಲಿನ ನಡುಗಂಬಗಳ ನಡುವಿನ ಅಂತರ, 18 ಅಡಿ 6 ಇಂಚು. "ಒಂದು ರಾಜ್ಯದ ತೋಟಕ್ಕೆಲ್ಲ ಒಂದೇ ಕೋಲು ಸಾಕಾಗಿತ್ತು. ನಾಲ್ಕು ಜನಕ್ಕೆ ಮೂರು ಟೇಪು ಎಂತಕ್ಕೆ ಮಾರಾಯ?" ಅಂದ. ಎರಡು ಟೇಪು ಅವನ ಚೀಲ ಸೇರಿದವು. ಇನ್ನೂ ಅಲ್ಲೇ ಇವೆ ಎಂದು ಗುಮಾನಿ.

ಯಂತ್ರ ತಯಾರಾಯಿತು. ಪರೀಕ್ಷೆಗೆ ಮಾಣಿಯ ಮನೆ ತೋಟವೇ. ಅವನ ಅಮ್ಮ ತೊಡೆದೇವು ಹಾಕಿ, ಅಪ್ಪೆಹುಳಿ ಬಡಿಸಿ, ನಾಲ್ವರಿಗೂ ನಡೆಯಲು ಕಷ್ಟವಾಗುವಷ್ಟು ಉಪಚಾರ ಮಾಡಿದರು. ಯಂತ್ರ ಗುರ್ರೆಂದು ಹದಿನೈದು ಅಡಿ ಏರಿತು. ಅಲ್ಲಿ ಪಾಚಿ ಸಿಕ್ಕಿತು. ಮುಂದೆ ಹೋಗದು, ಹಿಂದೆ ಬಾರದು. ಕೊನೆಗೆ ಕೊನೆಗಾರನೇ ಕಾಲಿಗೆ ತಳೆ ಹಾಕಿಕೊಂಡು ಏರಿ, ಮರ ಹತ್ತುವ ಯಂತ್ರವನ್ನು ಮರದಿಂದ ಇಳಿಸಿಕೊಟ್ಟ.

ಮೂವರು ನೆಲಕ್ಕೆ ಕೂತು ನಟ್ಟು ಬಿಚ್ಚುತ್ತಿದ್ದರೆ ಮಾಣಿ ಕೊನೆಗಾರನ ಜತೆ ಕವಳದ ತಟ್ಟೆ ಇಟ್ಟುಕೊಂಡು ಕೂತ. ಬ್ಯಾಚಿಗೆ ಮೈ ಉರಿಯಿತು. ಹಾಗೆ ಉರಿಯುವುದು ಸಹಜ. ನಾನಾದರೂ ಸ್ಪ್ಯಾನರ್ ಎಸೆಯುತ್ತಿದ್ದೆ. ಆದರೆ ಆ ಅರ್ಧ ಗಂಟೆಯ ಹರಟೆಯಲ್ಲಿ ಕೊನೆಗಾರ ಹೇಳಿದ್ದಿಷ್ಟು: "ಹತ್ತಾದು ನಂಗೆ ಕಷ್ಟ ಅಲ್ಲ. ಒಂದು ಮರ ಹತ್ತಿದ್ರೆ ತುದಿಯಾಗೇ ತೂಗಿ ಪಕ್ಕದ ಮರ ಹಿಡಿತೀನಿ, ಸುಮಾರು ಮರ ಮುಗಿಸೇ ಇಳಿಯಾದು. ನಿಮ್ಮ ಮಿಷನ್ನು ಮರಮರಕ್ಕೂ ಹತ್ತಿ ಇಳೀಬೇಕು. ಅಲ್ಲ, ನಿಮಗೆ ಬೇಕಾಗಿದ್ದು ಮೇಲೆ ಹೋಗಾದಾ, ಕೊನೆ ಕೆಳಗೆ ಬರಾದಾ?"

ಪಕ್ಕದ ತೋಟದಲ್ಲಿ ಆಗಲೇ ಕಾರ್ಬನ್ ಫೈಬರ್ ದೋಟಿ ಬಂದಿತ್ತು. ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಿದ್ದರು. ಆದರೆ ಕೊನೆಗಾರ ಹಗ್ಗದಲ್ಲಿ ಜಾರಿಸಿದ ಕೊನೆ ಕೆಳಗಿದ್ದವನ ಕೈಗೆ ಬರುವಂತೆ, ದೋಟಿಯಲ್ಲಿ ಕೊಯ್ದದ್ದು ಬರುವುದಿಲ್ಲ. ದೊಪ್ಪೆಂದು ಬಿದ್ದು ಅಡಿಕೆಯೆಲ್ಲ ತೋಟದ ತುಂಬ ಚದುರುತ್ತದೆ. ಹೆಕ್ಕುವುದಕ್ಕೆ ಮತ್ತೆ ಆಳು. ಸೋಮವಾರ ಗೈಡಿನ ಮುಂದೆ ಪ್ರಾಜೆಕ್ಟಿನ ಶೀರ್ಷಿಕೆ ಬದಲಾಯಿತು: ದೋಟಿಯಿಂದ ಬಿದ್ದ ಕೊನೆ ಹಿಡಿಯುವ ಮಡಚು ಬಲೆ. ಗೈಡು ಕನ್ನಡಕ ಒರೆಸಲಿಲ್ಲ.

ವೈವಾ ದಿನ ಮಾಣಿ ಒಬ್ಬನೇ ಟೈ ಕಟ್ಟಿದ್ದ. ಹೊರಗಿನಿಂದ ಬಂದ ಪರೀಕ್ಷಕರು ಒಬ್ಬೊಬ್ಬರನ್ನೇ ಕೇಳಿದರು, ನಿನ್ನ ಪಾಲಿನ ಕೆಲಸ ಏನು? ಚಿತ್ರ ನಂದು, ಅಂದ ಒಬ್ಬ. ವೆಲ್ಡಿಂಗ್ ನಂದು, ಅಂದ ಇನ್ನೊಬ್ಬ. ಲೆಕ್ಕವೂ ರಿಪೋರ್ಟೂ ನನ್ನದು, ಅಂದಳು ಮೂರನೆಯವಳು, ಸ್ವಲ್ಪ ಗಟ್ಟಿಯಾಗಿಯೇ.

"ನಿಂದು?"

"ಸರ್, ಈ ಮೂವರು ಇನ್ನೂ ಒಬ್ಬರಿಗೊಬ್ಬರು ಮಾತಾಡ್ತಿದ್ದಾರಲ್ಲ," ಎಂದ ಮಾಣಿ, "ಅದು."

ಪರೀಕ್ಷಕರು ಪೆನ್ನು ಕೆಳಗಿಟ್ಟರು. ರಿಪೋರ್ಟಿನ ಹಾಳೆ ಹಿಂದೆ ಮುಂದೆ ತಿರುಗಿಸಿದರು. "ಯಾವ ಊರಾತು ನಿಂದು?"

"ಇಕ್ಕೇರಿ ಹತ್ರ, ಸರ್. ತಮ್ಮದು ತೀರ್ಥಹಳ್ಳಿ ಕಡೆಯಾ?"

ಮೂವರೂ ಸದ್ದಾಗದಂತೆ ಕುರ್ಚಿ ಎಳೆದುಕೊಂಡು ಕೂತರು.